ಪಶುವೈದ್ಯಕೀಯ ಸೇವೆಯಲ್ಲಿ ವಿಕಲಚೇತನ ಸಿಬ್ಬಂದಿ: ಸಮಂಜಸ ಹೊಂದಾಣಿಕೆಯ ಅರ್ಥ ಮತ್ತು ಆಚರಣೆ

ದೇಶದ ಅನೇಕ ಪಶು ಆಸ್ಪತ್ರೆಗಳ ಆವರಣದಲ್ಲಿ ಸಿಮೆಂಟಿನ ಇಳಿಜಾರು ಕಟ್ಟೆಯೊಂದು ಕಾಣಸಿಗುತ್ತದೆ. ಕಾಲು ಮುರಿದ ಎತ್ತನ್ನೋ ಕರು ಹಾಕಲಾರದೆ ನರಳುವ ಎಮ್ಮೆಯನ್ನೋ ವಾಹನದಿಂದ ಇಳಿಸಿ ಒಳಕ್ಕೆ ನಡೆಸಿಕೊಂಡು ಹೋಗಲು ಅದನ್ನು ಕಟ್ಟಲಾಗಿರುತ್ತದೆ. ಆದರೆ ಅದೇ ಆಸ್ಪತ್ರೆಯ ವೈದ್ಯರ ಕೊಠಡಿಗೋ ಔಷಧ ವಿತರಣೆಯ ಕಿಟಕಿಗೋ ಹೋಗಬೇಕಾದವರು ಮೂರು ನಾಲ್ಕು ಮೆಟ್ಟಿಲು ಹತ್ತಬೇಕು. ಪಶುವಿನ ಕಷ್ಟವನ್ನು ಮುಂದಾಗಿ ಯೋಚಿಸಿ ಕಟ್ಟಡ ಕಟ್ಟಿದವರಿಗೆ, ಅಲ್ಲಿ ದುಡಿಯುವ ಮನುಷ್ಯನ ಕಾಲೂ ಎಂದಾದರೊಮ್ಮೆ ಸೋಲಬಹುದೆಂಬುದು ಹೊಳೆದಂತಿಲ್ಲ.

ಇದರ ಹಿಂದೆ ದುರುದ್ದೇಶವಿಲ್ಲ. ಬಹುಕಾಲದಿಂದ ಬೇರೂರಿದ ಒಂದು ಕಲ್ಪನೆಯಿದೆ. ಪಶುವೈದ್ಯನೆಂದರೆ ಕೊಬ್ಬಿದ ಹೋರಿಯನ್ನು ಕೆಡವಬಲ್ಲ, ನಡುರಾತ್ರಿಯಲ್ಲಿ ಮೋಟಾರ್ ಸೈಕಲ್ ಏರಿ ಹಳ್ಳಿಗೆ ಧಾವಿಸಬಲ್ಲ ಗಟ್ಟಿಮುಟ್ಟಾದ ಆಳು ಎಂಬುದೇ ಆ ಕಲ್ಪನೆ. ಈ ಚಿತ್ರಕ್ಕೆ ಹೊಂದದವರು ವೃತ್ತಿಗೇ ಅನರ್ಹರೆಂದು ಜನರು ಮಾತ್ರವಲ್ಲ, ಎಷ್ಟೋ ವೇಳೆ ಮೇಲಧಿಕಾರಿಗಳೂ ಭಾವಿಸುತ್ತಾರೆ. ಆದರೆ ಇಂದಿನ ಪಶುವೈದ್ಯಕೀಯವು ಕೇವಲ ತೋಳ್ಬಲದ ಉದ್ಯೋಗವಲ್ಲ. ರೋಗನಿದಾನ, ಶಸ್ತ್ರಚಿಕಿತ್ಸೆ, ಪ್ರಯೋಗಾಲಯ ಪರೀಕ್ಷೆ, ಲಸಿಕಾ ಕಾರ್ಯಕ್ರಮಗಳ ಯೋಜನೆ, ದೂರವಾಣಿಯ ಮೂಲಕ ಸಲಹೆ, ಇವೆಲ್ಲವೂ ಸೇರಿ ಆ ಸೇವೆಯಾಗುತ್ತದೆ. 2019ರ 20ನೆಯ ಜಾನುವಾರು ಗಣತಿಯಂತೆ ದೇಶದಲ್ಲಿ 53.57 ಕೋಟಿಗೂ ಅಧಿಕ ಜಾನುವಾರುಗಳಿದ್ದವು. ಇವುಗಳ ಆರೋಗ್ಯವನ್ನು ನೋಡಿಕೊಳ್ಳುವ ಒಬ್ಬ ಪದವೀಧರ ವೈದ್ಯನನ್ನು ಸಿದ್ಧಗೊಳಿಸಲು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಬೇಕು. ಅಂತಹ ತರಬೇತಿ ಪಡೆದವರೊಬ್ಬರು ಒಂದು ಮೆಟ್ಟಿಲಿನ ಕಾರಣದಿಂದ ಸೇವೆಗೆ ದೂರವಾಗುವುದು ಅವರೊಬ್ಬರ ನಷ್ಟವಷ್ಟೇ ಅಲ್ಲ.

ಕಾನೂನಿನ ದೃಷ್ಟಿ

ಈ ನಷ್ಟವನ್ನು ತಡೆಯಲು ಕಾನೂನು ಒದಗಿಸಿರುವ ಸಾಧನವೇ 'ಸಮಂಜಸ ಹೊಂದಾಣಿಕೆ'. ಇಂಗ್ಲಿಷಿನಲ್ಲಿ ಇದನ್ನು 'ರೀಸನಬಲ್ ಅಕಾಮಡೇಶನ್' ಎಂದು ಕರೆಯಲಾಗುತ್ತದೆ. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯು 2006ರಲ್ಲಿ ಅಂಗೀಕೃತವಾಯಿತು. ಭಾರತವು 2007ರ ಅಕ್ಟೋಬರ್ 1ರಂದು ಅದನ್ನು ಸ್ಥಿರೀಕರಿಸಿತು. ಅದಕ್ಕನುಗುಣವಾಗಿ 1995ರ ಹಳೆಯ ಕಾನೂನಿನ ಸ್ಥಾನದಲ್ಲಿ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ರೂಪುಗೊಂಡು, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಇದರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದೆ. ಕಣ್ಣು, ಕಿವಿ, ಕೈಕಾಲುಗಳ ನ್ಯೂನತೆಗಳಲ್ಲದೆ ಮಾನಸಿಕ ಅಸ್ವಸ್ಥತೆ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ ಕಾಯಿಲೆ, ಹೀಮೋಫಿಲಿಯಾ, ಕುಡಗೋಲು ಕಣ ರೋಗ ಮುಂತಾದ ಹೊರನೋಟಕ್ಕೆ ಕಾಣದ ಸ್ಥಿತಿಗಳೂ ಅದರಲ್ಲಿ ಸೇರಿವೆ.

ವಿಕಲಚೇತನರು ಇತರರೊಡನೆ ಸಮಾನವಾಗಿ ತಮ್ಮ ಹಕ್ಕುಗಳನ್ನು ಅನುಭವಿಸುವಂತಾಗಲು, ಉದ್ಯೋಗದಾತರ ಮೇಲೆ ಮಿತಿಮೀರಿದ ಹೊರೆ ಬೀಳದಂತೆ ಮಾಡಬೇಕಾದ ಅಗತ್ಯ ಹಾಗೂ ಸೂಕ್ತ ಮಾರ್ಪಾಡುಗಳೇ ಸಮಂಜಸ ಹೊಂದಾಣಿಕೆ ಎಂಬುದು ಅಧಿನಿಯಮದ ಆಶಯ. ಪ್ರತಿಯೊಂದು ಸರ್ಕಾರಿ ಸಂಸ್ಥೆಯೂ ತನ್ನ ವಿಕಲಚೇತನ ನೌಕರರಿಗೆ ಇದನ್ನು ಒದಗಿಸಬೇಕೆಂದು 20ನೆಯ ಪ್ರಕರಣವು ವಿಧಿಸುತ್ತದೆ. ಇದಕ್ಕಿಂತಲೂ ಮುಖ್ಯವಾದ ಮಾತು ಅಧಿನಿಯಮದ ಪರಿಭಾಷೆಗಳ ನಡುವೆ ಅಡಗಿದೆ: ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅಲ್ಲಿ ಹೇಳಲಾಗಿದೆ. ಆದುದರಿಂದ ಇದು ಮೇಲಧಿಕಾರಿಯು ಮನಸ್ಸು ಬಂದಾಗ ತೋರುವ ಕೃಪೆಯಲ್ಲ. ವಿಕಾಸ್ ಕುಮಾರ್ ಮತ್ತು ಕೇಂದ್ರ ಲೋಕಸೇವಾ ಆಯೋಗದ ನಡುವಣ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಈ ಹೊಣೆ ಸರ್ಕಾರದ ಮೇಲೂ ಖಾಸಗಿಯವರ ಮೇಲೂ ಇದೆಯೆಂದು ಸ್ಪಷ್ಟಪಡಿಸಿದೆ. ಮುಂಬಯಿ, ಪುಣೆ, ದೆಹಲಿಯಂತಹ ನಗರಗಳಲ್ಲಿ ಸಾಕುಪ್ರಾಣಿಗಳ ಖಾಸಗಿ ಚಿಕಿತ್ಸಾಲಯಗಳನ್ನು ನಡೆಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ದುಡಿಮೆಯೇ ತಂದ ವೈಕಲ್ಯ

ವಿಕಲಚೇತನ ಸಿಬ್ಬಂದಿ ಎಂದೊಡನೆ ಮೀಸಲಾತಿಯ ಮೂಲಕ ಹೊಸದಾಗಿ ನೇಮಕಗೊಂಡವರೇ ನೆನಪಿಗೆ ಬರುತ್ತಾರೆ. ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4ರ ಮೀಸಲಾತಿ ಇರುವುದೂ ನಿಜ. ಆದರೆ ಪಶುವೈದ್ಯಕೀಯ ಸೇವೆಯಲ್ಲಿ ಇನ್ನೊಂದು ವರ್ಗವಿದೆ. ಆರೋಗ್ಯವಂತರಾಗಿ ಸೇವೆಗೆ ಸೇರಿ, ಸೇವೆಯ ಅವಧಿಯಲ್ಲೇ, ಕೆಲವೊಮ್ಮೆ ಸೇವೆಯಿಂದಲೇ, ವೈಕಲ್ಯಕ್ಕೆ ಒಳಗಾದವರು ಇವರು.

ಈ ವೃತ್ತಿಯ ಅಪಾಯಗಳು ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಹಸುವಿನ ಒಂದು ಒದೆತಕ್ಕೆ ಮೊಣಕಾಲು ಜಖಂಗೊಳ್ಳಬಹುದು. ಗರ್ಭಪರೀಕ್ಷೆ ಮತ್ತು ಕೃತಕ ಗರ್ಭಧಾರಣೆಗಾಗಿ ವರ್ಷಗಟ್ಟಲೆ ಹಸು ಎಮ್ಮೆಗಳ ಗುದದ್ವಾರದೊಳಕ್ಕೆ ತೋಳು ತೂರಿಸುವವರ ಭುಜದ ಕೀಲು ಸವೆಯುತ್ತದೆ. ನಾಯಿಗಳನ್ನು ಇರಿಸುವ ಕೊಠಡಿಗಳಲ್ಲಿ ಬೊಗಳುವಿಕೆಯ ಸದ್ದು 100 ಡೆಸಿಬೆಲ್ ಮೀರುವುದುಂಟು. ದಿನವೂ ಅದರ ನಡುವೆ ಇರುವ ಸಹಾಯಕರ ಕಿವಿ ಮಂದವಾದರೆ ಆಶ್ಚರ್ಯವಿಲ್ಲ. ಕಂದು ರೋಗವೆಂದು ರೈತರು ಕರೆಯುವ ಬ್ರೂಸೆಲ್ಲೋಸಿಸ್, ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆದವರಿಗೆ ಅಂಟಿಕೊಳ್ಳುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಈ ರೋಗದ ವಿರುದ್ಧ ಕೊಡುವ ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಕರು ಕೊಸರಿಕೊಂಡಾಗ ಸೂಜಿ ವೈದ್ಯನ ಕೈಗೇ ಚುಚ್ಚಿದರೆ ಅದರಿಂದಲೂ ಸೋಂಕು ತಗಲಬಹುದು. ಆ ಬಳಿಕ ಬಿಟ್ಟು ಬಿಟ್ಟು ಬರುವ ಜ್ವರ, ಬೆನ್ನು ಮತ್ತು ಕೀಲುಗಳ ನೋವು, ಆಯಾಸ ತಿಂಗಳುಗಟ್ಟಲೆ ಕಾಡುತ್ತವೆ. ರೋಗಿಯನ್ನು ನೋಡಿದವರಿಗೆ ಏನೂ ಕಾಣಿಸದು. ಸೋಮಾರಿ ಎಂಬ ಹೆಸರು ಮಾತ್ರ ಬಂದುಬಿಡುತ್ತದೆ.

ಇಂತಹವರಿಗೆ ಕಾನೂನಿನ ರಕ್ಷಣೆ ಹೊಸದೇನಲ್ಲ. ಗಾಯದಿಂದಾಗಿ ಎಡಗಾಲನ್ನು ಕಳೆದುಕೊಂಡ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಅವರನ್ನು ಅಸಮರ್ಥರೆಂದು ಸೇವೆಯಿಂದ ಬಿಡುಗಡೆಗೊಳಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು 2003ರಲ್ಲೇ, 1995ರ ಕಾನೂನಿನ ಅಡಿಯಲ್ಲಿ, ತಳ್ಳಿಹಾಕಿತ್ತು. ಈಗಿನ ಅಧಿನಿಯಮದ 20(4)ನೆಯ ಉಪಪ್ರಕರಣವೂ ಅದನ್ನೇ ಹೇಳುತ್ತದೆ. ಸೇವೆಯಲ್ಲಿದ್ದಾಗ ವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರಿ ಸಂಸ್ಥೆಯು ವಜಾ ಮಾಡುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ. ಹಿಂದಿನ ಹುದ್ದೆಗೆ ಆತ ಸೂಕ್ತನಲ್ಲವಾದರೆ ಅದೇ ವೇತನಶ್ರೇಣಿ ಮತ್ತು ಸೇವಾ ಸೌಲಭ್ಯಗಳಿರುವ ಬೇರೆ ಹುದ್ದೆಗೆ ವರ್ಗಾಯಿಸಬೇಕು. ಅದೂ ಸಾಧ್ಯವಾಗದಿದ್ದಲ್ಲಿ ಸೂಕ್ತ ಹುದ್ದೆ ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಸಂಖ್ಯಾಧಿಕ ಹುದ್ದೆಯಲ್ಲಿ ಉಳಿಸಿಕೊಳ್ಳಬೇಕು. ಈ ನಿರ್ದಿಷ್ಟ ರಕ್ಷಣೆ ಸರ್ಕಾರಿ ಸಂಸ್ಥೆಗಳಿಗೆ ಸೀಮಿತವಾದುದು ಎಂಬುದನ್ನೂ ಇಲ್ಲಿಯೇ ಹೇಳಬೇಕಾಗುತ್ತದೆ.

ಹುದ್ದೆಯನ್ನಲ್ಲ, ಕೆಲಸವನ್ನು ನೋಡುವುದು

ಉದಾಹರಣೆಗಾಗಿ, ರಸ್ತೆ ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಒಂದು ಕಾಲನ್ನು ಕಳೆದುಕೊಂಡು, ಕೃತಕ ಕಾಲು ಧರಿಸಿ ಮರಳಿ ಬಂದ ಪಶುವೈದ್ಯಾಧಿಕಾರಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ವಾಡಿಕೆಯಂತೆ ಅವರಿಗೆ ಜಿಲ್ಲಾ ಕಚೇರಿಯಲ್ಲಿ ಒಂದು ಮೇಜು ಸಿಗುತ್ತದೆ. ದಾಖಲೆ ಪುಸ್ತಕಗಳ ಪರಿಶೀಲನೆ, ಮಾಸಿಕ ವರದಿ, ದಾಸ್ತಾನು ಲೆಕ್ಕ ಅವರ ಪಾಲಿಗೆ ಬರುತ್ತವೆ. ಸಹಾನುಭೂತಿಯಿಂದ ಕೊಟ್ಟ ಈ 'ಲೈಟ್ ಡ್ಯೂಟಿ'ಯಲ್ಲಿ ಸಂಬಳವೇನೋ ಉಳಿಯುತ್ತದೆ. ಆದರೆ ಹದಿನೈದು ವರ್ಷ ಶಸ್ತ್ರಚಿಕಿತ್ಸೆ ಮಾಡಿದ ಕೈ ನಿಂತುಹೋಗುತ್ತದೆ, ತಾಲ್ಲೂಕು ಒಬ್ಬ ಶಸ್ತ್ರಚಿಕಿತ್ಸಕರನ್ನು ಕಳೆದುಕೊಳ್ಳುತ್ತದೆ. ಕೆಲವರಿಗೆ ಅದೇ ಬೇಕಾಗಿರಬಹುದು. ಕೇಳದೆಯೇ ಹಾಗೆಂದು ತೀರ್ಮಾನಿಸುವುದು ಹೊಂದಾಣಿಕೆಯಲ್ಲ.

ಸರಿಯಾದ ಕ್ರಮವೆಂದರೆ ಹುದ್ದೆಯನ್ನು ಬಿಡಿಸಿ ನೋಡುವುದು. ವಿಕಲಚೇತನರಿಗೆ ಸೂಕ್ತವೆಂದು 2021ರ ಜನವರಿ 4ರಂದು ಕೇಂದ್ರ ಸರ್ಕಾರ ಅಧಿಸೂಚಿಸಿದ 3,566 ಹುದ್ದೆಗಳ ಪಟ್ಟಿಯು ಈ ವಿಧಾನವನ್ನೇ ಅನುಸರಿಸಿದೆ. ಕುಳಿತುಕೊಳ್ಳುವುದು, ನಿಲ್ಲುವುದು, ನಡೆಯುವುದು, ಬಾಗುವುದು, ಎತ್ತುವುದು, ಬೆರಳುಗಳಿಂದ ಕುಶಲವಾಗಿ ಕೆಲಸ ಮಾಡುವುದು, ನೋಡುವುದು, ಕೇಳುವುದು, ಓದಿ ಬರೆಯುವುದು ಮುಂತಾಗಿ ಪ್ರತಿ ಹುದ್ದೆಗೂ ಬೇಕಾದ ದೈಹಿಕ ಕ್ರಿಯೆಗಳನ್ನು ಅದು ಬೇರೆ ಬೇರೆಯಾಗಿ ನಮೂದಿಸುತ್ತದೆ. ಪಟ್ಟಿಯು ಸೂಚಕ ಮಾತ್ರ. ಅದರಲ್ಲಿ ಇಲ್ಲದ ಹುದ್ದೆ ತಾನಾಗಿಯೇ ನಿಷಿದ್ಧವಾಗುವುದಿಲ್ಲ.

ಮೇಲಿನ ವೈದ್ಯಾಧಿಕಾರಿಯ ಒಂದು ದಿನವನ್ನು ಹೀಗೆ ಬಿಡಿಸಿದರೆ ಆಗುವುದೇನು? ಬೆಳಗಿನ ಹೊರರೋಗಿ ವಿಭಾಗದಲ್ಲಿ ಬರುವ ಹಸುಗಳನ್ನು ಟ್ರೆವಿಸ್ ಎಂಬ ಕಬ್ಬಿಣದ ಚೌಕಟ್ಟಿನೊಳಗೆ ನಿಲ್ಲಿಸಿ ಕಟ್ಟಿದ ಮೇಲಷ್ಟೇ ವೈದ್ಯರು ಸಮೀಪಿಸುವುದೆಂದು ನಿಯಮವಾಗಬೇಕು. ಒದೆತದಿಂದ ಥಟ್ಟನೆ ಹಿಂದಕ್ಕೆ ಜಿಗಿಯಲು ಕೃತಕ ಕಾಲು ಒಗ್ಗದು. ಚೌಕಟ್ಟು ಆ ಜಿಗಿತದ ಅಗತ್ಯವನ್ನೇ ಇಲ್ಲವಾಗಿಸುತ್ತದೆ. ಸಗಣಿ ಗಂಜಲದಿಂದ ಒದ್ದೆಯಾದ ನೆಲಕ್ಕೆ ಜಾರದ ರಬ್ಬರ್ ಹಾಸು ಬೇಕು. ಗಂಬೂಟಿನದು ಒಂದು ಸಣ್ಣ ಆದರೆ ನಿಜವಾದ ತೊಡಕು. ಕೃತಕ ಪಾದದ ಹರಡು ಬಾಗುವುದಿಲ್ಲವಾದ್ದರಿಂದ ಉದ್ದನೆಯ ಗಂಬೂಟನ್ನು ಎಳೆದು ಹಾಕಿಕೊಳ್ಳುವುದು ಬಹಳ ಕಷ್ಟ. ಪಕ್ಕದಲ್ಲಿ ಜಿಪ್ ಇರುವ ಬೂಟು ಈ ಸಮಸ್ಯೆಯನ್ನು ಪರಿಹರಿಸುತ್ತದೆ. ಇಂತಹ ವಿಷಯಗಳು ಯಾವ ಸುತ್ತೋಲೆಯಲ್ಲಿಯೂ ಇರುವುದಿಲ್ಲ, ಸಂಬಂಧಪಟ್ಟವರನ್ನು ಕೇಳಿದರೆ ಮಾತ್ರ ತಿಳಿಯುತ್ತವೆ.

ನಾಯಿ, ಬೆಕ್ಕು, ಮೇಕೆಗಳ ಶಸ್ತ್ರಚಿಕಿತ್ಸೆಯನ್ನು ಎತ್ತರ ಹೊಂದಿಸಬಹುದಾದ ಮೇಜು ಮತ್ತು ಗಾಲಿಯುಳ್ಳ ಸ್ಟೂಲಿನ ನೆರವಿನಿಂದ ಕುಳಿತೇ ನಡೆಸಬಹುದು. ಭಾರದ ನಾಯಿಯನ್ನು ಮೇಜಿಗೇರಿಸುವುದು ಇಬ್ಬರು ಸಹಾಯಕರ ಕೆಲಸ. ಕ್ಷ-ಕಿರಣ ತೆಗೆಯುವಾಗ ಧರಿಸುವ ಸೀಸದ ಏಪ್ರನ್ ಐದಾರು ಕಿಲೋ ತೂಗುತ್ತದೆ. ಬೆನ್ನುನೋವಿನವರಿಗೆ ಹಗುರವಾದ ಏಪ್ರನ್ ತರಿಸಬಹುದು ಅಥವಾ ಆ ಕೆಲಸವನ್ನು ಬೇರೆಯವರಿಗೆ ಹಂಚಬಹುದು. ವೀರ್ಯನಳಿಕೆಗಳನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡುವ ದ್ರವ ಸಾರಜನಕದ ಪಾತ್ರೆಯನ್ನು ಎತ್ತುವ ಬದಲು ತಳ್ಳುಗಾಡಿಯಲ್ಲಿ ಸಾಗಿಸುವುದು ಕಾಲಿದ್ದವರಿಗೂ ಒಳ್ಳೆಯದೇ. ಭುಜ ಸೋತವರು ಉದ್ದನೆಯ ಹಿಡಿಕೆ ಜೋಡಿಸಿದ ಅಲ್ಟ್ರಾಸೌಂಡ್ ಉಪಕರಣದಿಂದ, ತೋಳು ತೂರಿಸದೆಯೇ, ಗರ್ಭಪರೀಕ್ಷೆ ಮಾಡಬಹುದು.

ಉಳಿದುದು ಹೊರಸಂಚಾರ. ಕಾಲುಬಾಯಿ ರೋಗದ ಲಸಿಕಾ ಅಭಿಯಾನದ ದಿನಗಳಲ್ಲಿ ದೊಡ್ಡಿಯಿಂದ ದೊಡ್ಡಿಗೆ, ಗದ್ದೆಯ ಬದುವಿನ ಮೇಲೆ ನಡೆಯುವುದು ಈ ವೈದ್ಯರಿಗೆ ನಿಜವಾಗಿಯೂ ಕಠಿಣ. ಇಲ್ಲಿ ಅದಲುಬದಲು ಮಾಡಿಕೊಳ್ಳಬಹುದು. ಸಹೋದ್ಯೋಗಿಯೊಬ್ಬರು ಅವರ ಲಸಿಕೆ ಸಂಚಾರವನ್ನು ವಹಿಸಿಕೊಂಡರೆ, ಅವರು ಆ ಸಹೋದ್ಯೋಗಿಯ ಶಸ್ತ್ರಚಿಕಿತ್ಸೆಗಳನ್ನು ವಹಿಸಿಕೊಳ್ಳುತ್ತಾರೆ. ತುರ್ತು ಕರೆಗಳಿಗೆ ಸಂಚಾರಿ ಪಶುಚಿಕಿತ್ಸಾ ವಾಹನವಿದ್ದಲ್ಲಿ ಚಾಲಕರೂ ಸಹಾಯಕರೂ ಜೊತೆಗಿರುತ್ತಾರೆ. 1962 ಸಂಖ್ಯೆಯ ಸಹಾಯವಾಣಿಗೆ ಬರುವ ಕರೆಗಳಲ್ಲಿ ಯಾವುದು ತುರ್ತು, ಯಾವುದಕ್ಕೆ ಸಲಹೆ ಸಾಕು ಎಂದು ನಿರ್ಧರಿಸಲು ಅನುಭವಿ ವೈದ್ಯರೇ ಬೇಕು. ಗಾಲಿಕುರ್ಚಿಯಲ್ಲಿರುವವರಿಗೆ ಅದು ಯೋಗ್ಯವಾದ, ಗೌರವದ ಕೆಲಸ.

ಕಿವಿ, ಕಣ್ಣು, ಮನಸ್ಸು

ಶ್ರವಣದೋಷವುಳ್ಳ ವೈದ್ಯರಿಗೆ ಸದ್ದನ್ನು ಹಿಗ್ಗಿಸುವ ಎಲೆಕ್ಟ್ರಾನಿಕ್ ಸ್ಟೆತೊಸ್ಕೋಪುಗಳು ದೊರೆಯುತ್ತವೆ. ಹೃದಯದ ಬಡಿತವನ್ನು ಪರದೆಯ ಮೇಲೆ ರೇಖೆಯಾಗಿ ತೋರಿಸುವ ಮಾದರಿಗಳೂ ಇವೆ. ಅರಿವಳಿಕೆಯ ಸಮಯದಲ್ಲಿ ಯಂತ್ರದ ಎಚ್ಚರಿಕೆಯ ಗಂಟೆಗೆ ದೀಪವನ್ನೂ ಜೋಡಿಸಬೇಕು. ಆದರೆ ಪಶುವೈದ್ಯಕೀಯಕ್ಕೇ ವಿಶಿಷ್ಟವಾದ ಅಪಾಯ ಬೇರೆಯಿದೆ. ನಾಯಿ ಕಚ್ಚುವ ಮೊದಲು ಗುರುಗುಟ್ಟುತ್ತದೆ, ಕಿವಿ ಕೇಳದವರಿಗೆ ಆ ಸೂಚನೆ ತಲುಪುವುದಿಲ್ಲ. ಇದಕ್ಕೆ ಬೇಕಾದುದು ಉಪಕರಣವಲ್ಲ, ಒಂದು ಒಪ್ಪಂದ. ಪ್ರಾಣಿಯನ್ನು ಹಿಡಿದವರು ಗುರುಗುಟ್ಟುವಿಕೆ ಕೇಳಿದೊಡನೆ ನಿಗದಿತ ಕೈಸನ್ನೆ ಮಾಡುವುದು, ವೈದ್ಯರ ಎದುರಿಗೇ ನಿಲ್ಲುವುದು, ಇಷ್ಟನ್ನು ಎಲ್ಲ ಸಹಾಯಕರೂ ರೂಢಿಸಿಕೊಂಡರೆ ಸಾಕು. ತುಟಿಚಲನೆಯನ್ನು ನೋಡಿ ಮಾತು ಅರಿಯುವವರಿಗೆ ಮುಖಗವಸು ಗೋಡೆಯಂತಾಗುತ್ತದೆ ಎಂಬುದನ್ನೂ ಮರೆಯಬಾರದು.

ಮಂದದೃಷ್ಟಿಯುಳ್ಳವರು ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಮತ್ತು ದೊಡ್ಡ ಪರದೆಯನ್ನು ಜೋಡಿಸಿಕೊಂಡು ಪ್ರಯೋಗಾಲಯದಲ್ಲಿ ಕೆಲಸ ಮಾಡಬಲ್ಲರು. ಅಕ್ಷರಗಳು ಕಲಸಿಹೋಗುವ ಕಲಿಕಾ ನ್ಯೂನತೆಯುಳ್ಳ ಕಾಂಪೌಂಡರ್‌ಗೆ, ಒಂದೇ ತೆರನಾಗಿ ಕೇಳಿಸುವ ಔಷಧಗಳನ್ನು ಬೇರೆ ಬೇರೆ ಕಪಾಟಿನಲ್ಲಿರಿಸಿ, ದೊಡ್ಡಕ್ಷರದ ಚೀಟಿ ಅಂಟಿಸಿ, ತೂಕಕ್ಕೆ ತಕ್ಕ ಪ್ರಮಾಣದ ಪಟ್ಟಿಯನ್ನು ಗೋಡೆಗೆ ಹಾಕಿದರೆ ತಪ್ಪುಗಳು ಕಡಿಮೆಯಾಗುತ್ತವೆ. ಅವರದು ಮಾತ್ರವಲ್ಲ, ಎಲ್ಲರದೂ.

ಮಾನಸಿಕ ಅಸ್ವಸ್ಥತೆಯ ವಿಷಯದಲ್ಲಿ ಮೌನವೇ ಹೆಚ್ಚು. ಪಶುವೈದ್ಯರಲ್ಲಿ ಆತ್ಮಹತ್ಯೆಯ ಪ್ರಮಾಣವು ಸಾಮಾನ್ಯ ಜನರಿಗಿಂತ ಅಧಿಕವೆಂದು ಬ್ರಿಟನ್, ಅಮೆರಿಕಗಳ ಅಧ್ಯಯನಗಳು ತೋರಿಸಿವೆ. ಗುಣವಾಗದ ಪ್ರಾಣಿಗೆ ದಯಾಮರಣ ನೀಡುವ ಕೆಲಸ ಪ್ರತಿಬಾರಿಯೂ ಒಬ್ಬರ ಮೇಲೆಯೇ ಬೀಳದಂತೆ ಸರದಿ ಮಾಡುವುದು, ಚಿಕಿತ್ಸೆಯಲ್ಲಿರುವವರಿಗೆ ನಿದ್ರೆಗೆಡಿಸುವ ರಾತ್ರಿ ಪಾಳಿಯಿಂದ ಕೆಲಕಾಲ ವಿನಾಯಿತಿ ಕೊಡುವುದು, ಮನೋವೈದ್ಯರ ಭೇಟಿಗೆ ನಿಗದಿತ ದಿನ ಬಿಡುವು ನೀಡುವುದು, ಇವು ಹಣವೇ ಬೇಡದ ಮಾರ್ಪಾಡುಗಳು. ಕಾಯಿಲೆಯ ಹೆಸರು ಸಹೋದ್ಯೋಗಿಗಳಿಗೆ ತಿಳಿಯಬೇಕಾಗಿಲ್ಲ. ಪಾಳಿ ಬದಲಾಗಿದೆ ಎಂಬುದಷ್ಟೇ ತಿಳಿದರೆ ಸಾಕು.

ಆಕ್ಷೇಪಗಳು

ಇದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಸುರಕ್ಷತೆಯದು ಗಂಭೀರವಾದುದು. ಬೆದರಿದ ಎಮ್ಮೆಗೆ ಅಧಿನಿಯಮ ತಿಳಿಯದು. ಊರುಗೋಲು ಹಿಡಿದವರನ್ನು ಬಿಚ್ಚಿಬಿಟ್ಟ ಹೋರಿಗಳ ದೊಡ್ಡಿಯೊಳಕ್ಕೆ ಕಳುಹಿಸಬೇಕೆಂದು ಯಾರೂ ವಾದಿಸುವುದಿಲ್ಲ. ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯಾ ಇರುವವರನ್ನು ದೊಡ್ಡ ಪ್ರಾಣಿಗಳನ್ನು ಹಿಡಿಯಲು ನಿಯೋಜಿಸುವುದೂ ವಿವೇಕವಲ್ಲ. ಆದರೆ ಅಪಾಯವನ್ನು ಆ ಕೆಲಸಕ್ಕೆ, ಆ ವ್ಯಕ್ತಿಗೆ ಅನ್ವಯಿಸಿ ಅಳೆಯಬೇಕೇ ಹೊರತು 'ವಿಕಲಚೇತನರಿಗೆ ಇದು ಅಪಾಯ' ಎಂದು ಇಡೀ ವೃತ್ತಿಗೆ ಒಂದೇ ಮಾತು ಹೇಳಿಬಿಡಬಾರದು. ಕಟ್ಟದ ಪ್ರಾಣಿಯ ಬಳಿ ಒಂಟಿಯಾಗಿ ಹೋಗುವುದು ಎರಡು ಕಾಲಿದ್ದವರಿಗೂ ಅಪಾಯವೇ. ಇಷ್ಟು ದಿನ ಅದನ್ನು ಧೈರ್ಯವೆಂದು ಕರೆಯಲಾಗುತ್ತಿತ್ತು, ಅಷ್ಟೇ.

ಖರ್ಚಿನ ಆಕ್ಷೇಪಕ್ಕೆ ಮೇಲಿನ ಉದಾಹರಣೆಗಳೇ ಬಹುಮಟ್ಟಿಗೆ ಉತ್ತರ. ಇಳಿಜಾರು ದಾರಿಗೆ ಒಂದಕ್ಕೆ ಹನ್ನೆರಡರ ಪ್ರಮಾಣ ಸಾಕು, ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಯಾವ ವೆಚ್ಚವನ್ನೂ ನೌಕರನ ಮೇಲೆ ಹೊರಿಸುವಂತಿಲ್ಲ. ಹೊಂದಾಣಿಕೆಯ ಖರ್ಚನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಲಿ ಭರಿಸುವಂತೆ ವಿಕಲಚೇತನರನ್ನು ಒತ್ತಾಯಿಸಬಾರದೆಂದು 2017ರ ನಿಯಮಗಳು ಹೇಳುತ್ತವೆ. ತಮ್ಮ ಮೇಲೆ ಹೆಚ್ಚಿನ ಹೊರೆ ಬೀಳುತ್ತದೆಂಬ ಸಹೋದ್ಯೋಗಿಗಳ ಅಸಮಾಧಾನವನ್ನು ಮಾತ್ರ ಹಗುರವಾಗಿ ಕಾಣಬಾರದು. ಕೆಲಸವನ್ನು ಅದಲುಬದಲು ಮಾಡದೆ ಒಬ್ಬರಿಂದ ಇಳಿಸಿ ಇನ್ನೊಬ್ಬರ ಮೇಲೆ ಹೇರಿದಲ್ಲಿ ಆ ಅಸಮಾಧಾನ ನ್ಯಾಯವಾದುದೇ. ತಪ್ಪು ಅಲ್ಲಿ ಹಂಚಿಕೆ ಮಾಡಿದವರದು.

ಪಡೆಯುವ ಬಗೆ

ಹೊಂದಾಣಿಕೆ ಬೇಕಾದವರು ಕಚೇರಿಯ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಸಲ್ಲಿಸುವುದು ಒಳ್ಳೆಯದು. ವೈಕಲ್ಯದ ಪ್ರಮಾಣಪತ್ರ ಅಥವಾ ಯು.ಡಿ.ಐ.ಡಿ. ಎಂದು ಕರೆಯುವ ವಿಶಿಷ್ಟ ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಬೇಕು. ಕಾಯಿಲೆಯ ವಿವರಕ್ಕಿಂತ, ಯಾವ ಕೆಲಸದಲ್ಲಿ ಯಾವ ತೊಡಕಿದೆ, ಏನು ಮಾಡಿದರೆ ಅದು ನೀಗುತ್ತದೆ ಎಂಬುದನ್ನು ಬರೆದರೆ ಅಧಿಕಾರಿಗೆ ತೀರ್ಮಾನ ಸುಲಭವಾಗುತ್ತದೆ. ಕೇಂದ್ರ ಸರ್ಕಾರದ ನೌಕರರು 2014ರ ಮಾರ್ಚ್ 31ರ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಮಾರ್ಗಸೂಚಿಯನ್ನು ಉಲ್ಲೇಖಿಸಬಹುದು. ಸಹಾಯಕ ಸಾಧನಗಳು, ತರಬೇತಿ, ವರ್ಗಾವಣೆಯಲ್ಲಿ ಆದ್ಯತೆ ಮುಂತಾದವುಗಳ ಪ್ರಸ್ತಾಪ ಅದರಲ್ಲಿದೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು 21ನೆಯ ಪ್ರಕರಣ ಹೇಳುವುದರಿಂದ, ಖಾಸಗಿ ಆಸ್ಪತ್ರೆಗಳ ನೌಕರರು ಮೊದಲು ಆ ನೀತಿಯನ್ನು ಕೇಳಿ ಪಡೆಯಬಹುದು.

ಅರ್ಜಿ ಫಲಿಸದಿದ್ದರೆ ಸರ್ಕಾರಿ ಸಂಸ್ಥೆಯ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ನೀಡಬಹುದು. ದೂರು ನೋಂದಣಿಯಾದ ಎರಡು ವಾರಗಳೊಳಗೆ ಅವರು ವಿಚಾರಣೆ ನಡೆಸಬೇಕು. ಅಲ್ಲಿಯೂ ಸಮಾಧಾನವಾಗದಿದ್ದಲ್ಲಿ ಜಿಲ್ಲಾ ಮಟ್ಟದ ಸಮಿತಿಯನ್ನು ಸಮೀಪಿಸಬಹುದು. ಇದಲ್ಲದೆ ರಾಜ್ಯಗಳ ಆಯುಕ್ತರಿಗೂ, ಕೇಂದ್ರ ಸರ್ಕಾರದ ಸಂಸ್ಥೆಗಳ ವಿಷಯದಲ್ಲಿ ದೆಹಲಿಯಲ್ಲಿರುವ ಮುಖ್ಯ ಆಯುಕ್ತರಿಗೂ ಮನವಿ ಸಲ್ಲಿಸಲು ಅವಕಾಶವಿದೆ.

ಒಮ್ಮೆ ಆದ ಹೊಂದಾಣಿಕೆ ಶಾಶ್ವತವಲ್ಲ. ಕಂದು ರೋಗದ ನೋವು ಇಳಿದ ಮೇಲೆ ವೈದ್ಯರು ಹಿಂದಿನ ಪಾಳಿಗೆ ಮರಳಲು ಬಯಸಬಹುದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈನಡುಕ ಹೆಚ್ಚಿ ಶಸ್ತ್ರಚಿಕಿತ್ಸೆಯನ್ನು ಬಿಡಬೇಕಾಗಬಹುದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಇಬ್ಬರೂ ಕುಳಿತು ಪರಿಶೀಲಿಸುವುದು ಯುಕ್ತ. ವರ್ಗಾವಣೆಯ ಸಂದರ್ಭದಲ್ಲಿ ಇನ್ನೊಂದು ಎಚ್ಚರ ಬೇಕು. ಅಧಿಕಾರಿಯೊಬ್ಬರಿಗಾಗಿ ಖರೀದಿಸಿದ ಸ್ಟೂಲು, ಸ್ಟೆತೊಸ್ಕೋಪು, ಅಲ್ಟ್ರಾಸೌಂಡ್ ಹಿಡಿಕೆ ಹಳೆಯ ಆಸ್ಪತ್ರೆಯ ದಾಸ್ತಾನು ಪುಸ್ತಕದಲ್ಲಿ ಉಳಿದು, ಅವರು ಬರಿಗೈಯಲ್ಲಿ ಹೊಸ ಊರಿಗೆ ಹೋಗುವಂತಾಗಬಾರದು. ವರ್ಗಾವಣೆಯ ಆದೇಶದಲ್ಲಿಯೇ ಆ ಉಪಕರಣಗಳ ಹಸ್ತಾಂತರವನ್ನು ನಮೂದಿಸಿ, ಒಪ್ಪಿಕೊಂಡ ಹೊಂದಾಣಿಕೆಯ ಪತ್ರದ ಪ್ರತಿಯನ್ನು ಹೊಸ ಕಚೇರಿಗೆ ಅವರು ಕರ್ತವ್ಯಕ್ಕೆ ಹಾಜರಾಗುವ ಮೊದಲೇ ಕಳುಹಿಸತಕ್ಕದ್ದು.